ನೆರೆಮನೆ, ಕಚೇರಿ, ಆಸ್ಪತ್ರೆ: ದಿನನಿತ್ಯದ ಬದುಕಿನಲ್ಲಿ ನಮ್ಮ ಕ್ರೈಸ್ತ ವಿಶ್ವಾಸವನ್ನು ಹಂಚಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುವಜನರ ಕೂಟದಲ್ಲಿ, ಸ್ತ್ರೀಯರ ಕೂಟದಲ್ಲಿ, ಆರಾಧನೆ ಮುಗಿದ ಮೇಲೆ ದೇವಾಲಯದ (ಚರ್ಚಿನ) ಅಂಗಳದಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಕೊಟ್ಟಿರುವುದು ಸಭಾಪಾಲಕರಲ್ಲ, ಕರ್ನಾಟಕದ ಪ್ರಾಟೆಸ್ಟೆಂಟ್ ಸಭೆಯೊಂದರ ಸಾಮಾನ್ಯ ಸದಸ್ಯ. ಕಥೋಲಿಕ ಬಂಧುಗಳು ಕೆಲವು ಮಾತುಗಳನ್ನು ಬೇರೆ ರೀತಿಯಲ್ಲಿ ಹೇಳಬಹುದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 1.87. ಅಂದರೆ ನಮ್ಮಲ್ಲಿ ಬಹುತೇಕರ ನೆರೆಹೊರೆ, ಕಚೇರಿ, ಶಾಲೆ, ಬಸ್ಸು ಎಲ್ಲವೂ ಬೇರೆ ನಂಬಿಕೆಯವರ ನಡುವೆಯೇ. ಆ ನೆರೆಹೊರೆಯನ್ನು ಎದುರಿಗಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದೆ.

ಸುವಾರ್ತೆ ಸಾರುವುದು ಅಯ್ಯನವರ (ಸಭಾಪಾಲಕರ) ಕೆಲಸವಲ್ಲವೇ? ನಾವೇಕೆ?

ಅಯ್ಯನವರು ನಿಮ್ಮ ಕಚೇರಿಯಲ್ಲಿ ಊಟಕ್ಕೆ ಕೂರುವುದಿಲ್ಲ. ನಿಮ್ಮ ಬೀದಿಯ ಹಾಲಿನವನು ಅವರಿಗೆ ಗೊತ್ತಿಲ್ಲ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ದೆವ್ವಗಳ ಕಾಟದಿಂದ ಬಿಡುಗಡೆ ಹೊಂದಿದ ಮನುಷ್ಯನೊಬ್ಬ ಯೇಸುವಿನ ಜೊತೆಯಲ್ಲೇ ಹೊರಡಲು ಬೇಡಿಕೊಳ್ಳುತ್ತಾನೆ. ಯೇಸು ಅವನನ್ನು ಜೊತೆಗೆ ಸೇರಿಸಿಕೊಳ್ಳುವುದಿಲ್ಲ. ಮನೆಗೆ ಹೋಗಿ ನಿನ್ನವರಿಗೆ ತಿಳಿಸು ಎಂದು ಕಳುಹಿಸುತ್ತಾನೆ. ಆ ಮನುಷ್ಯನಿಗೆ ದೇವಶಾಸ್ತ್ರ ಗೊತ್ತಿರಲಿಲ್ಲ, ಸಭೆ ಅವನನ್ನು ನೇಮಿಸಿಯೂ ಇರಲಿಲ್ಲ. ತನಗೆ ಆದದ್ದನ್ನು ತನ್ನ ಊರಿನವರಿಗೆ ಹೇಳಿದ, ಅಷ್ಟೇ.

ಮಾತು ಎಲ್ಲಿಂದ ಶುರುಮಾಡಬೇಕು?

ಅವರ ಪ್ರಶ್ನೆಯಿಂದ. ಈ ಪುಟದಲ್ಲಿ ನೆನಪಿಡಬೇಕಾದ ಒಂದೇ ಮಾತು ಇದ್ದರೆ ಇದೇ. ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಕೊಡಿ ಎಂದು ಪೇತ್ರನು ಬರೆಯುತ್ತಾನೆ (1 ಪೇತ್ರ 3:15). ನಮ್ಮಲ್ಲಿ ಹಲವರು ಈ ವಚನದ ಮೊದಲ ಭಾಗವನ್ನು ಅರ್ಧ ಓದುತ್ತಾರೆ, ಎರಡನೆಯದನ್ನು ಓದುವುದೇ ಇಲ್ಲ. ಯಾರೂ ಕೇಳದಿದ್ದರೂ ಉತ್ತರ ಕೊಡುವವರು ಪ್ರತಿ ಸಭೆಯಲ್ಲೂ ಇದ್ದಾರೆ.

ಪ್ರಶ್ನೆಗಳಿಗೆ ಬರವೇನೂ ಇಲ್ಲ. ನಮ್ಮ ದೇಶದಲ್ಲಿ ದೇವರ ಮಾತು ಎತ್ತಲು ಯಾರೂ ಸಂಕೋಚಪಡುವುದಿಲ್ಲ. “ಭಾನುವಾರ ಬೆಳಿಗ್ಗೆ ಫೋನ್ ಮಾಡಿದ್ದೆ, ತೆಗೆಯಲೇ ಇಲ್ಲ” ಎನ್ನುತ್ತಾರೆ. “ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಏನು ಹೇಳಿಕೊಳ್ಳುತ್ತೀರಿ?” “ನಿಮ್ಮ ತಂದೆ ತೀರಿಕೊಂಡಾಗ ಹಾಡು ಹಾಡಿದಿರಲ್ಲ, ಯಾಕೆ?” ಈ ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟರೆ ಪುನರುತ್ಥಾನದ ನಿರೀಕ್ಷೆಯನ್ನೇ ಹೇಳಿದಂತಾಯಿತು. ಆದರೆ ಎರಡು ನಿಮಿಷದಲ್ಲಿ ಮುಗಿಸಿ. ಅವರು ಇನ್ನೊಂದು ಪ್ರಶ್ನೆ ಕೇಳಿದರೆ ಮುಂದುವರಿಯಿರಿ. ಕೇಳದಿದ್ದರೆ ಕಾಫಿ ಕುಡಿಯಿರಿ.

ನನ್ನ ಬದುಕಿನಲ್ಲಿ ದೊಡ್ಡ ಪವಾಡವೇನೂ ನಡೆದಿಲ್ಲ. ಸಾಕ್ಷಿ ಎಂದು ಏನು ಹೇಳಲಿ?

ಕುಡಿತ ಬಿಟ್ಟವರ, ಕ್ಯಾನ್ಸರ್ ವಾಸಿಯಾದವರ ಸಾಕ್ಷಿಗಳನ್ನೇ ಕೇಳಿ ಕೇಳಿ, ಕ್ರೈಸ್ತ ಮನೆಯಲ್ಲಿ ಹುಟ್ಟಿ ಭಾನುವಾರ ಶಾಲೆಯಲ್ಲಿ ಬೆಳೆದವರಿಗೆ ಹೇಳಲು ಏನೂ ಇಲ್ಲ ಎನಿಸಿಬಿಟ್ಟಿದೆ. ಹಾಗೇನಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡ, ಯೇಸು ಪಾಪಿ ಎಂದ ಪಂಡಿತರಿಗೆ ಅದು ನನಗೆ ಗೊತ್ತಿಲ್ಲ ಎನ್ನುತ್ತಾನೆ. ಕುರುಡನಾಗಿದ್ದೆ, ಈಗ ಕಾಣುತ್ತದೆ ಎಂಬುದೊಂದೇ ಅವನಿಗೆ ಗೊತ್ತಿದ್ದದ್ದು. ನಿಮಗೆ ಗೊತ್ತಿರುವುದಷ್ಟನ್ನೇ ಹೇಳಿ. ಅಣ್ಣನ ಜೊತೆ ಆಸ್ತಿಯ ಜಗಳ ಬಿಟ್ಟು ಮತ್ತೆ ಮಾತನಾಡಿಸಲು ನಿಮಗೆ ಬಲ ಬಂದದ್ದು ಎಲ್ಲಿಂದ? ಅದು ಸಾಕ್ಷಿಯೇ. ಪ್ರಾರ್ಥಿಸಿದ್ದು ಈಡೇರಲಿಲ್ಲ, ಆದರೂ ಪ್ರಾರ್ಥಿಸುವುದನ್ನು ಬಿಟ್ಟಿಲ್ಲ ಎಂಬುದೂ ಸಾಕ್ಷಿ. ನನಗೆ ಕೇಳಿದರೆ, ಕೇಳುವವರು ಹೆಚ್ಚು ನಂಬುವುದು ಇದನ್ನೇ.

ಉಪ್ಪುಖಾರ ಹಚ್ಚಬೇಡಿ. ಸಾಕ್ಷಿ ಹೇಳಿದಷ್ಟೂ ಕಾಯಿಲೆ ದೊಡ್ಡದಾಗುತ್ತ ಹೋಗುವ ಕೆಲವರನ್ನು ನಾವೆಲ್ಲ ಬಲ್ಲೆವು.

ಕಚೇರಿಯಲ್ಲಿ ಆಯುಧಪೂಜೆ. ಪ್ರಸಾದ ಕೊಡುತ್ತಾರೆ. ಏನು ಮಾಡಬೇಕು?

ಕರ್ನಾಟಕದ ಯಾವ ಕ್ರೈಸ್ತನೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಇದು. ಕಂಪ್ಯೂಟರ್‌ಗೆ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು, ಒಡೆದ ಬೂದುಗುಂಬಳಕಾಯಿ. ಆಮೇಲೆ ಒಬ್ಬರು ಕಡಲೆಪುರಿ, ಬಾಳೆಹಣ್ಣು, ಸಿಹಿ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ನಿಮ್ಮ ಮೇಜಿನ ಮುಂದೆ ಒಂದು ಕ್ಷಣ ತಡೆಯುತ್ತಾರೆ.

ಗ್ರೀಸಿನ ಕೊರಿಂಥದ ಮೊದಲ ಕಾಲದ ಕ್ರೈಸ್ತ ಸಭೆಗೂ ಹೆಚ್ಚುಕಡಿಮೆ ಇದೇ ತಲೆನೋವಿತ್ತು. ಪೌಲನು ಅವರಿಗೆ ಬರೆದ ಮೊದಲನೆಯ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಇದನ್ನು ಬಿಡಿಸಿ ಬಿಡಿಸಿ ಬರೆಯುತ್ತಾನೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ. ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ. ಇದನ್ನು ಓದಿಯೂ ನಮ್ಮ ಸಭೆಗಳು ಒಮ್ಮತಕ್ಕೆ ಬಂದಿಲ್ಲ. ಬಹಳಷ್ಟು ಮನೆಗಳಲ್ಲಿ ಪ್ರಸಾದ ಮುಟ್ಟುವುದಿಲ್ಲ. ಕೆಲವರು ಪ್ರೀತಿಯಿಂದ ಕೊಟ್ಟದ್ದೆಂದು ತಿನ್ನುತ್ತಾರೆ. ನಾನು ತಿನ್ನುವುದಿಲ್ಲ, ತಿನ್ನುವವರ ವಿಶ್ವಾಸವನ್ನು ಅಳೆಯುವುದೂ ಇಲ್ಲ.

ಪೂಜೆಯ ದಿನ ಏನು ಮಾಡುವಿರೆಂದು ಹಿಂದಿನ ದಿನವೇ ನಿರ್ಧರಿಸಿಕೊಳ್ಳಿ. ತೆಗೆದುಕೊಳ್ಳದಿರುವುದಾದರೆ ಎದ್ದು ನಿಂತು, ಕೈಮುಗಿದು, “ಬೇಸರ ಮಾಡಿಕೊಳ್ಳಬೇಡಿ, ನಮ್ಮಲ್ಲಿ ನೈವೇದ್ಯ ಮಾಡಿದ್ದನ್ನು ತೆಗೆದುಕೊಳ್ಳುವುದಿಲ್ಲ. ಬನ್ನಿ, ಕಾಫಿಗೆ ಹೋಗೋಣ” ಎನ್ನಿ. ತೆಗೆದುಕೊಂಡು, ಅವರು ಅತ್ತ ಹೋದ ಮೇಲೆ ಕಸದ ಬುಟ್ಟಿಗೆ ಹಾಕುವುದು ಮಾತ್ರ ಬೇಡ. ಅದನ್ನು ಯಾರಾದರೂ ಕಂಡರೆ ಆಮೇಲೆ ಎಷ್ಟು ವರ್ಷ ನೀವು ಯೇಸುವಿನ ಪ್ರೀತಿಯ ಬಗ್ಗೆ ಮಾತನಾಡಿದರೂ ವ್ಯರ್ಥ. ಆರತಿ ಎತ್ತಬೇಕಿಲ್ಲ, ಆದರೆ ಹಿಂದಿನ ಸಂಜೆ ಎಲ್ಲರೂ ಕಪಾಟು ಒರೆಸುವಾಗ ನೀವೂ ಬಟ್ಟೆ ಹಿಡಿಯಬಹುದು. ಪೂಜೆಯ ದಿನ ರಜೆ ಹಾಕಿ ಮಾಯವಾಗುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಸಹೋದ್ಯೋಗಿಗಳಿಗೆ ಅದರ ಅರ್ಥ ಚೆನ್ನಾಗಿ ಆಗುತ್ತದೆ.

ಡಿಸೆಂಬರ್‌ನಲ್ಲಿ ಲೆಕ್ಕ ತಿರುಗುತ್ತದೆ. ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಗಳು ನೆರೆಮನೆಗಳಿಗೆ ಹೋಗುತ್ತವೆ, ಬೆಂಗಳೂರಿನಲ್ಲಿ ಕೇಕ್. ಮೇಲಿನ ಮನೆಯವರು ಮೊಟ್ಟೆ ತಿನ್ನುವುದಿಲ್ಲ ಎಂದು ಗೊತ್ತಿದ್ದೂ ಮೊಟ್ಟೆ ಹಾಕಿದ ಕೇಕ್ ಕೊಡಬೇಡಿ. ಮೊಟ್ಟೆಯಿಲ್ಲದ್ದನ್ನು ಬೇರೆ ತಟ್ಟೆಯಲ್ಲಿ ತಂದು, “ಇದು ನಿಮಗೆಂದೇ” ಎಂದು ಕೊಡಿ. ನಮ್ಮ ಮನಸ್ಸಾಕ್ಷಿಗೆ ಅವರು ಮರ್ಯಾದೆ ಕೊಡಬೇಕೆಂದಿದ್ದರೆ ಅವರ ಅಡುಗೆಮನೆಗೆ ನಾವೂ ಕೊಡಬೇಕು.

ಕೆಲಸದ ಹೊತ್ತಿನಲ್ಲಿ ಮಾತನಾಡಬಹುದೇ?

ಊಟದ ವೇಳೆಯಲ್ಲಿ, ಸಮಾನರ ನಡುವೆ, ಕೇಳಿದರೆ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಜೊತೆ ಬೇಡ. ಸಂಬಳ ಹೆಚ್ಚಿಸುವವರು ಹೇಳಿದ್ದಕ್ಕೆ ಇಲ್ಲ ಎನ್ನುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ. ಶಿಕ್ಷಕರು ತರಗತಿಯಲ್ಲಿ, ಸರ್ಕಾರಿ ನೌಕರರು ಅರ್ಜಿದಾರರ ಮುಂದೆ, ಇದೇ ಕಾರಣಕ್ಕೆ ಸುಮ್ಮನಿರಬೇಕು. ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿಯುತ್ತಿದ್ದ. ಅವನ ಹೊಲಿಗೆ ಸೋರುತ್ತಿದ್ದರೆ ಅವನ ಮಾತನ್ನು ಯಾರು ಕೇಳುತ್ತಿದ್ದರು?

ಆಸ್ಪತ್ರೆಯಲ್ಲಿರುವವರಿಗಾಗಿ ಪ್ರಾರ್ಥನೆ ಮಾಡಲೇ ಎಂದು ಕೇಳಬಹುದೇ?

ಕೇಳಬಹುದು, ಮತ್ತು ನಮ್ಮ ಜನ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಗುಡಿಗೆ, ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗುವವರಲ್ಲಿ ಎಷ್ಟೋ ಮಂದಿ ಕ್ರೈಸ್ತರಲ್ಲ. ಯಾರು ಪ್ರಾರ್ಥಿಸಿದರೂ ಒಳ್ಳೆಯದೇ ಎಂಬ ಭಾವ ಇಲ್ಲಿನ ಮಣ್ಣಿನಲ್ಲೇ ಇದೆ. ಅದಕ್ಕೇ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮಲಗಿರುವ ಮನುಷ್ಯ ಎದ್ದು ಹೋಗಲಾರ.

ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು. ರೋಗಿಯನ್ನು ಕೇಳಿ, ಪಕ್ಕದಲ್ಲಿ ಕುಳಿತ ಮನೆಯವರನ್ನೂ ಕೇಳಿ. ಒಪ್ಪಿದರೆ ಕುಳಿತೇ, ಪಕ್ಕದ ಮಂಚಕ್ಕೆ ಕೇಳಿಸದಷ್ಟು ಮೆಲ್ಲಗೆ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಾರ್ಥಿಸಿ: “ಕರ್ತನೇ, ಈ ತಾಯಿಗೆ ಈ ರಾತ್ರಿ ನಿದ್ದೆ ಕೊಡು. ವೈದ್ಯರ ಕೈಗಳನ್ನು ನಡೆಸು. ಮನೆಯವರಿಗೆ ಧೈರ್ಯ ಕೊಡು. ಯೇಸುವಿನ ಹೆಸರಿನಲ್ಲಿ, ಆಮೆನ್.” ಇಷ್ಟು ಸಾಕು. ತಲೆಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಗದರುವ ಪ್ರಾರ್ಥನೆಯನ್ನು ಮನೆಯಲ್ಲಿ ಮಾಡಿಕೊಳ್ಳಿ. ವಾಸಿಯಾಗುತ್ತದೆ ಎಂದು ಮಾತು ಕೊಡಬೇಡಿ. ಆ ಮಾತು ಕೊಡುವ ಅಧಿಕಾರ ನಮಗಿಲ್ಲ. ಮಾತ್ರೆ ನಿಲ್ಲಿಸಿ ಎಂದು ಹೇಳುವವರು ವಿಶ್ವಾಸಿಗಳಲ್ಲ, ಅಪಾಯಕಾರಿಗಳು. ಪ್ರಾರ್ಥನೆ ಮುಗಿದ ಮೇಲೆ ಕೈಗೆ ಕರಪತ್ರ ತುರುಕದೆ, ಕೆಳಗಿನ ಔಷಧದಂಗಡಿಯಿಂದ ಏನಾದರೂ ತರಬೇಕೇ ಎಂದು ವಿಚಾರಿಸಿ.

ಬಡವರಿಗೆ ಸಹಾಯ ಮಾಡುವಾಗ ಯೇಸುವಿನ ಹೆಸರು ಹೇಳಬೇಕೇ?

ಅಕ್ಕಿ ಚೀಲಕ್ಕೆ ಧರ್ಮ ಬದಲಿಸಿದವರು ಎಂಬ ಹಂಗಿಸುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಮ್ಮ ಹಿರಿಯರಿಗೆ ಮಾಡುವ ಅವಮಾನ. ಆದರೆ ಆ ಇತಿಹಾಸ ನಾವು ಹೇಳಿಕೊಳ್ಳುವಷ್ಟು ಸರಳವೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು ಜಾತಿಯಿಂದ, ಮನೆಯಿಂದ, ಕುಲಕಸುಬಿನಿಂದ ಹೊರಬೀಳುತ್ತಿದ್ದರು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಬಂತು, ಮುದ್ರಣ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ನಂಬಿದ್ದಕ್ಕೆ ಕೆಲಸ ಕಳೆದುಕೊಂಡವನಿಗೆ ಕೆಲಸ ಕೊಡುವುದು ನ್ಯಾಯ. ಆದರೆ ಕೆಲಸ ಕೊಡುವ ಕೈಯೂ ಉಪದೇಶ ಮಾಡುವ ಬಾಯಿಯೂ ಒಂದೇ ಸಂಸ್ಥೆಯದಾದಾಗ, ಕೆಲಸಕ್ಕಾಗಿ ಬಂದವರು ಎಂಬ ಮಾತು ಬೆನ್ನಿಗೆ ಅಂಟಿಕೊಳ್ಳುವುದೂ ಸಹಜ.

ಆದ್ದರಿಂದ ಎರಡನ್ನೂ ಬೇರೆ ಬೇರೆ ಇಡಿ. ಶಾಲೆಯ ಶುಲ್ಕ ಕಟ್ಟುತ್ತೀರಾ? ಕಟ್ಟಿ. ಆ ದಿನ ಸಭೆಗೆ ಬನ್ನಿ ಎಂದು ಕರೆಯಬೇಡಿ. ಕೊಟ್ಟದ್ದನ್ನು ಫೋಟೊ ತೆಗೆಯಬೇಡಿ. ಎಡಗೈಗೆ ಗೊತ್ತಾಗದಂತೆ ಬಲಗೈಯಿಂದ ಕೊಡಬೇಕೆಂದು ಹೇಳಿದವನ ಶಿಷ್ಯರು ಹಂಚಿದ ಹೊದಿಕೆಯ ಪಕ್ಕದಲ್ಲಿ ಬ್ಯಾನರ್ ಹಿಡಿದು ನಿಲ್ಲುವುದನ್ನು ನೋಡಿದರೆ ನಾಚಿಕೆಯಾಗುತ್ತದೆ. ಯಾಕೆ ಸಹಾಯ ಮಾಡಿದಿರಿ ಎಂದು ಅವರೇ ಕೇಳಿದರೆ ನಿಜ ಹೇಳಿ.

ಕಾನೂನು ಏನು ಹೇಳುತ್ತದೆ? ನಮ್ಮ ಮೇಲೆ ಕೇಸು ಹಾಕಬಹುದೇ?

ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಗೆ ಒಳಪಟ್ಟು. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ದಿನನಿತ್ಯದ ಸಂಭಾಷಣೆಗೆ ಈ ವ್ಯತ್ಯಾಸ ಸಾಕಷ್ಟು ಜಾಗ ಬಿಡುತ್ತದೆ.

ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಅಂದರೆ ಜನ ಮತಾಂತರ ನಿಷೇಧ ಕಾಯ್ದೆ ಎಂದು ಕರೆಯುವುದು, 2022ರಲ್ಲಿ ಬಂತು. ಬಲಾತ್ಕಾರ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳ ಮೂಲಕ ಮತಾಂತರ ಮಾಡಿದರೆ ಮೂರರಿಂದ ಐದು ವರ್ಷ ಸೆರೆವಾಸ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ ಹತ್ತು ವರ್ಷದವರೆಗೂ ಆಗಬಹುದು. ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವೂ ಆಮಿಷದ ವ್ಯಾಖ್ಯೆಯಲ್ಲಿವೆ. ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂಬ ನಿಯಮವೂ ಇದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಆದರೆ ಕಾಯ್ದೆ ರದ್ದಾಗಲು ಸಂಪುಟದ ತೀರ್ಮಾನ ಸಾಲದು, ವಿಧಾನಮಂಡಲ ಒಪ್ಪಬೇಕು. ದೀಕ್ಷಾಸ್ನಾನದ ವಿಷಯ ಎದುರಾದಾಗ ಆ ಹೊತ್ತಿನ ಸ್ಥಿತಿ ಏನೆಂದು ವಕೀಲರನ್ನೇ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶವನ್ನು ನಂಬಿ ಕೂರಬೇಡಿ. ಬೇರೆ ರಾಜ್ಯಗಳ ಕಾನೂನುಗಳು ಬೇರೆ.

ಕಾನೂನಿನ ಭಯ ಒಂದು ಕಡೆ ಇರಲಿ. ಆಮಿಷ, ಬೆದರಿಕೆ, ಸುಳ್ಳು ಇವು ಯಾವ ಕಾಯ್ದೆ ಇಲ್ಲದಿದ್ದರೂ ನಮಗೆ ನಿಷಿದ್ಧವೇ.

“ನಿಮ್ಮದು ಪರದೇಶದ ಧರ್ಮ” ಎಂದರೆ?

ತಕ್ಷಣ ಕಿಟೆಲ್ ನಿಘಂಟನ್ನು ಎದುರಿಗಿಟ್ಟು ಜಗಳಕ್ಕೆ ನಿಲ್ಲಬೇಡಿ. ಮಿಷನರಿಗಳಾದ ಕಿಟೆಲರ 1894ರ ನಿಘಂಟು, ಮೊಗ್ಲಿಂಗರ 1843ರ ಪತ್ರಿಕೆ ‘ಮಂಗಳೂರ ಸಮಾಚಾರ’ ಕನ್ನಡಕ್ಕೆ ಸಂದ ದೊಡ್ಡ ಕೊಡುಗೆಗಳು ನಿಜ. ಆದರೆ ಅವು ನಾವು ಮಾಡಿದ ಕೆಲಸಗಳಲ್ಲ. ಬೇರೆಯವರ ಬೆವರಿನ ಮೇಲೆ ನಮಗೇಕೆ ಹಮ್ಮು? ಯೇಸು ಪಶ್ಚಿಮ ಏಷ್ಯಾದವನು, ಐರೋಪ್ಯನಲ್ಲ. ಕೇರಳದ ಕ್ರೈಸ್ತ ಪರಂಪರೆ ಐರೋಪ್ಯ ಹಡಗುಗಳಿಗಿಂತ ಬಹಳ ಹಳೆಯದು. ಇಷ್ಟನ್ನು ಶಾಂತವಾಗಿ ಹೇಳಿ. ವಸಾಹತು ಆಡಳಿತಕ್ಕೂ ಮಿಷನ್‌ಗಳಿಗೂ ನಂಟಿತ್ತಲ್ಲವೇ ಎಂದರೆ, ಹಲವೆಡೆ ಇತ್ತು ಎಂದು ಒಪ್ಪಿಕೊಳ್ಳಿ.

ಬೇರೆ ದೇವರುಗಳ ಬಗ್ಗೆ ಏನು ಹೇಳಬೇಕು?

ಹೀಯಾಳಿಸುವ ಒಂದು ಮಾತೂ ಬೇಡ. ಎಫೆಸದಲ್ಲಿ ಪೌಲನ ಸಂಗಡಿಗರ ವಿರುದ್ಧ ಗಲಭೆ ಎದ್ದಾಗ ಊರಿನ ಅಧಿಕಾರಿಯೇ ಜನರ ಮುಂದೆ ನಿಂತು, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎನ್ನುತ್ತಾನೆ (ಅಪೊಸ್ತಲರ ಕೃತ್ಯಗಳು 19:37). ಪೌಲನು ಆ ಊರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿದ್ದ. ಹಾಗಿದ್ದೂ ಇಂಥ ಪ್ರಮಾಣಪತ್ರ ಸಿಕ್ಕಿತು. ನಮ್ಮ ಕೆಲವು ಬೋಧಕರಿಗೆ ಇಂದು ಅವರ ತಾಲೂಕಿನಲ್ಲಿ ಯಾರಾದರೂ ಇದನ್ನು ಬರೆದುಕೊಡುತ್ತಾರೆಯೇ?

“ಎಲ್ಲ ದೇವರೂ ಒಂದೇ ಅಲ್ಲವೇ?” ಎಂದು ಸ್ನೇಹದಿಂದ ಕೇಳುತ್ತಾರೆ. ಹೌದು ಹೌದು ಎಂದು ತಲೆಯಾಡಿಸುವುದು ಸುಲಭ, ಅಪ್ರಾಮಾಣಿಕವೂ ಹೌದು. “ನನಗೆ ಹಾಗೆ ಅನಿಸುವುದಿಲ್ಲ. ನಾನು ಯೇಸುವನ್ನೇ ನಂಬಿದ್ದೇನೆ, ಯಾಕೆಂದು ಬೇಕಾದರೆ ಹೇಳುತ್ತೇನೆ. ನೀವು ಹೇಗೆ ನೋಡುತ್ತೀರಿ ಎಂದೂ ಕೇಳಬೇಕೆಂದಿದೆ” ಎನ್ನಿ. ಆಮೇಲೆ ನಿಜವಾಗಿಯೂ ಕೇಳಿ. ಅವರ ವಚನ, ದಾಸರ ಪದ, ಮನೆದೇವರ ಕಥೆಯನ್ನು ತಾಳ್ಮೆಯಿಂದ ಕೇಳಲಾಗದವನಿಗೆ ತನ್ನ ಮಾತನ್ನು ಕೇಳಿಸುವ ಹಕ್ಕೆಲ್ಲಿ?

ಮನೆಯಲ್ಲಿ ನಾನೊಬ್ಬಳೇ ವಿಶ್ವಾಸಿ. ಗಂಡ, ಅತ್ತೆ ಒಪ್ಪುವುದಿಲ್ಲ.

ಇಲ್ಲಿ ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಮಾತಿಲ್ಲದೆ ನಡತೆಯಿಂದಲೇ ಗಂಡಂದಿರನ್ನು ಗೆಲ್ಲಬಹುದೆಂದು ಪೇತ್ರನು ಬರೆದಿದ್ದಾನೆ. ನಂಬದ ಸಂಗಾತಿ ಜೊತೆಯಲ್ಲಿರಲು ಒಪ್ಪಿದರೆ ಬಿಡಬೇಡಿ ಎಂದು ಪೌಲನೂ ಹೇಳುತ್ತಾನೆ. ಉಪವಾಸ ಪ್ರಾರ್ಥನೆಯೆಂದು ವಾರದಲ್ಲಿ ನಾಲ್ಕು ದಿನ ಕೂಟಕ್ಕೆ ಹೋಗಿ, ಅತ್ತೆಯ ಸಕ್ಕರೆ ಕಾಯಿಲೆಯ ಊಟ ತಪ್ಪಿಸಿದರೆ ಅದು ಸಾಕ್ಷಿಯಲ್ಲ. ಆದರೆ ಪೇತ್ರನ ಮಾತನ್ನು ಹಿಡಿದು ಹೊಡೆತ ತಿನ್ನುತ್ತ ಕೂರಿರಿ ಎಂದು ಯಾರಾದರೂ ಬೋಧಿಸಿದರೆ ನಂಬಬೇಡಿ. ಅದು ಪೊಲೀಸರಿಗೆ ಹೇಳಬೇಕಾದ ವಿಷಯ.

ನೆರೆಮನೆಯ ಮಕ್ಕಳನ್ನು ಭಾನುವಾರ ಶಾಲೆಗೆ ಕರೆದೊಯ್ಯಬಹುದೇ?

ತಂದೆತಾಯಿಗೆ ತಿಳಿಸದೆ, ಅವರ ಒಪ್ಪಿಗೆಯಿಲ್ಲದೆ, ಎಂದಿಗೂ ಇಲ್ಲ. ಕ್ರಿಸ್‌ಮಸ್ ನಾಟಕ ನೋಡಲು ಕರೆಯುವುದಾದರೆ ಇಡೀ ಕುಟುಂಬವನ್ನೇ ಕರೆಯಿರಿ.

ವಾಟ್ಸ್ಆ್ಯಪ್ ಸ್ಟೇಟಸ್, ಕರಪತ್ರ, ಧ್ವನಿವರ್ಧಕ?

ನಿಮ್ಮ ಸ್ಟೇಟಸ್ ನಿಮ್ಮದು. ಅಪಾರ್ಟ್‌ಮೆಂಟಿನ ಗುಂಪು ನೀರಿನ ಟ್ಯಾಂಕರ್ ಬಂತೇ ಎಂದು ಕೇಳಲಿಕ್ಕೆ. ಅಲ್ಲಿ ದಿನವೂ ಬೈಬಲ್ ವಚನ ಹಾಕಬೇಡಿ. ಕರಪತ್ರವನ್ನು ಕೇಳಿದವರಿಗೆ ಕೊಡಿ, ಬೈಕಿನ ಸೀಟಿಗೆ ಸಿಕ್ಕಿಸಬೇಡಿ. ಧ್ವನಿವರ್ಧಕವನ್ನು ಯಾವ ಧರ್ಮದವರು ಹಾಕಿದರೂ ನಾನು ವಿರೋಧಿ.

ಆಸಕ್ತಿ ತೋರಿಸಿದವರಿಗೆ ಮುಂದೇನು?

ಮೊದಲು ಮಾರ್ಕನ ಸುವಾರ್ತೆ ಕೊಡಿ. ಹದಿನಾರೇ ಅಧ್ಯಾಯ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಹಳೆಯ ಭಾಷಾಂತರದ ಕನ್ನಡ ತೊಡಕೆನಿಸಿದರೆ ಈಗಿನ ಸರಳ ಭಾಷಾಂತರಗಳಲ್ಲಿ ಒಂದನ್ನು ಕೊಡಿ. ಆಮೇಲೆ ಪ್ರಶ್ನೆಗಳಿಗಾಗಿ ಕಾಯಿರಿ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಿ, ಅಯ್ಯನವರನ್ನು ಕೇಳಿ ಬನ್ನಿ.

ದೀಕ್ಷಾಸ್ನಾನಕ್ಕೆ ಅವಸರ ಬೇಡ. ತಗಲುವ ಬೆಲೆಯನ್ನು ಮುಚ್ಚಿಡಬೇಡಿ. ಪರಿಶಿಷ್ಟ ಜಾತಿಯವರಾದರೆ, 1950ರ ರಾಷ್ಟ್ರಪತಿ ಆದೇಶದಂತೆ ಆ ಮೀಸಲಾತಿ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ, ಕ್ರೈಸ್ತರಾದವರಿಗೆ ಇಲ್ಲ. ಇದು ಅನ್ಯಾಯವೆಂದು ನಮ್ಮ ಸಭೆಗಳು ಹೇಳುತ್ತಲೇ ಬಂದಿವೆ. ಆದರೂ ಮಗಳ ಕಾಲೇಜು ಸೀಟಿನ ಪ್ರಶ್ನೆ ಇರುವ ಮನೆಗೆ ಇದನ್ನು ಹೇಳದೆ ನೀರಿಗಿಳಿಸುವುದು ವಂಚನೆ. ಕೇಳಿ ಹಿಂದೆ ಸರಿದರೆ ಸರಿಯಲಿ. ಐಶ್ವರ್ಯವಂತನಾದ ಯುವಕ ಮುಖ ಬಾಡಿಸಿಕೊಂಡು ಹೊರಟುಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ, ಷರತ್ತನ್ನು ಸಡಿಲಿಸಲೂ ಇಲ್ಲ.

ಗೆಳೆಯರೊಬ್ಬರು ಒಂದು ಭಾನುವಾರ ಆರಾಧನೆಗೆ ಬರುತ್ತೇನೆ ಎಂದಿದ್ದಾರೆ. ಏನು ಸಿದ್ಧತೆ ಬೇಕು?

ನೀವು ಅವರನ್ನು ಬಾಗಿಲಲ್ಲೇ ಎದುರುಗೊಳ್ಳಿ, ಒಳಗೆ ಹೋಗಿ ಸ್ಥಳ ಹಿಡಿಯಬೇಡಿ. ಚಪ್ಪಲಿ ಹೊರಗೆ ಬಿಡುವ ಸಭೆಯೋ ಅಲ್ಲವೋ ಮೊದಲೇ ಹೇಳಿ. ಹಳ್ಳಿಯ ಹಲವು ದೇವಾಲಯಗಳಲ್ಲಿ ಬಿಡುತ್ತೇವೆ, ನಗರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಮಧ್ಯದ ಸಾಲಿನಲ್ಲಿ ಕೂರಿಸಿ, ಮುಂದೆ ಕೂತರೆ ಯಾವಾಗ ಏಳಬೇಕು ಯಾವಾಗ ಕೂರಬೇಕು ಎಂದು ಅವರಿಗೆ ಕಾಣುವುದಿಲ್ಲ. ಗೀತೆಯ ಪುಸ್ತಕದಲ್ಲಿ ಪುಟ ತೆಗೆದುಕೊಡಿ. ಕಾಣಿಕೆಯ ಚೀಲ ಬಂದಾಗ ಅವರು ಜೇಬಿಗೆ ಕೈ ಹಾಕುವ ಮುಂಚೆಯೇ “ನೀವು ಅತಿಥಿ, ಹಾಕಬೇಕಿಲ್ಲ” ಎಂದು ಕಿವಿಯಲ್ಲಿ ಹೇಳಿ. ಅಂದು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಇದ್ದರೆ ಅದು ದೀಕ್ಷಾಸ್ನಾನ ಹೊಂದಿದವರಿಗೆ ಎಂಬುದನ್ನು ಹಿಂದಿನ ದಿನವೇ ತಿಳಿಸಿ, ಎಲ್ಲರೂ ಎದ್ದು ಹೋಗುವಾಗ ಅವರೊಬ್ಬರೇ ಕೂರುವಂತಾಗದೆ ನೀವೂ ಸ್ವಲ್ಪ ಹೊತ್ತು ಪಕ್ಕದಲ್ಲೇ ಇದ್ದು ಕೊನೆಯ ಸಾಲಿನವರ ಜೊತೆ ಹೋಗಿ ಬನ್ನಿ. ಮುಗಿದ ಮೇಲೆ ಹತ್ತು ಮಂದಿ ಸುತ್ತುವರಿದು ಹೆಸರು, ಊರು, ಫೋನ್ ನಂಬರ್ ಕೇಳದ ಹಾಗೆ ನೋಡಿಕೊಳ್ಳಿ. ಹೇಗಿತ್ತು ಎಂದು ನೀವಾಗಿ ಕೇಳಬೇಡಿ, ಹತ್ತಿರದ ಹೋಟೆಲಿಗೆ ತಿಂಡಿಗೆ ಕರೆದುಕೊಂಡು ಹೋಗಿ. ಹೇಳಬೇಕೆನಿಸಿದ್ದನ್ನು ಅವರೇ ಹೇಳುತ್ತಾರೆ.